ಭಾನುವಾರ ರಾತ್ರಿಯ ಅನ್ನ

ಹಾಸನ ಪಟ್ಟಣದ ಅಂಚಿನಲ್ಲಿರುವ ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದ ಮೆಸ್ಸಿನ ಉಸ್ತುವಾರಿ ನನ್ನ ಪಾಲಿಗೆ ಬಂದು ಮೂರು ವರ್ಷಗಳಾದವು. ಪಾಠ ಹೇಳುವ ಕೆಲಸದ ಜೊತೆಗೆ ಬಂದ ಈ ಹೊಣೆಯೆಂದರೆ ಬಿಲ್ಲುಗಳಿಗೆ ಸಹಿ ಹಾಕುವುದು, ಸಾರು ತೆಳುವಾಗಿದೆ ಎಂಬ ದೂರನ್ನು ಕೇಳಿಸಿಕೊಳ್ಳುವುದು, ಇಷ್ಟೇ ಎಂದು ಮೊದಮೊದಲು ತಿಳಿದಿದ್ದೆ. ಆ ತಿಳಿವಳಿಕೆ ಬದಲಾದದ್ದು ಒಂದು ಭಾನುವಾರ ರಾತ್ರಿ. ಊಟ ಮುಗಿದು ಒಂಬತ್ತೂವರೆಯ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲಿನ ಕಡೆ ಹೋದರೆ, ಅಲ್ಲಿ ಎರಡು ದೊಡ್ಡ ದಬರಿಗಳಲ್ಲಿ ಯಾರೂ ಮುಟ್ಟದ ಅನ್ನ ಹಾಗೆಯೇ ಕೂತಿತ್ತು. ಮೇಲಿನ ಪದರ ಗಾಳಿಗೆ ಒಣಗಿ ಬಿರುಸಾಗಿತ್ತಾದರೂ ಸೌಟು ಇಳಿಸಿದರೆ ಒಳಗಿನಿಂದ ಇನ್ನೂ ಹಬೆ ಏಳುತ್ತಿತ್ತು. ಹಿರಿಯ ಅಡುಗೆಯವರು ನನ್ನನ್ನು ಕಂಡು, ‘ನಾಳೆ ಚಿತ್ರಾನ್ನಕ್ಕೂ ಇಷ್ಟೊಂದು ಬೇಕಾಗಲ್ಲ ಮೇಡಂ, ಹಂದಿ ಸಾಕೋರು ಬಂದು ತಗೊಂಡು ಹೋಗ್ತಾರೆ’ ಎಂದರು. ಅವರ ದನಿಯಲ್ಲಿ ತಪ್ಪು ಮಾಡಿದ ಭಾವವಿರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ಹೊಳೆನರಸೀಪುರದ ಕಡೆಯ ರೈತರ ಮನೆಯಲ್ಲಿ ಬೆಳೆದವಳು. ನಮ್ಮ ಅಜ್ಜಿ ಅಕ್ಕಿ ತೊಳೆದ ನೀರನ್ನೂ ಚೆಲ್ಲುತ್ತಿರಲಿಲ್ಲ. ಅದು ಹಿತ್ತಲಿನ ಕಲಗಚ್ಚಿನ ಬಾನಿಗೆ ಹೋಗಬೇಕು, ತರಕಾರಿ ಸಿಪ್ಪೆ, ಬಸಿದ ಗಂಜಿಯೆಲ್ಲ ಅದರ ಜೊತೆ ಸೇರಬೇಕು, ಸಂಜೆ ಹಸು ಅದನ್ನು ಕುಡಿಯಬೇಕು. ತಟ್ಟೆಯಲ್ಲಿ ಅಗುಳು ಬಿಟ್ಟು ಏಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಾಗೆ ಬೆಳೆದ ನಾನೇ ಉಸ್ತುವಾರಿ ವಹಿಸಿದ ಮನೆಯಲ್ಲಿ ದಬರಿಗಟ್ಟಲೆ ಅನ್ನ ಹಾಳಾಗುತ್ತಿದೆ ಎಂಬುದನ್ನು ಅರಗಿಸಿಕೊಳ್ಳುವುದು ಸುಲಭವಾಗಲಿಲ್ಲ.

ಮರುದಿನವೇ ಮೆಸ್ ಕಮಿಟಿಯ ವಿದ್ಯಾರ್ಥಿಗಳನ್ನು ಕರೆದು ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕೊಳ್ಳುವುದೆಂದು ತೀರ್ಮಾನಿಸಿದೆವು. ಎರಡು ವಾರ ಪ್ರತಿ ಊಟದ ಬಳಿಕ ಮೂರು ಬಗೆಯ ತೂಕಗಳನ್ನು ಬೇರೆಬೇರೆಯಾಗಿ ಬರೆದಿಟ್ಟೆವು: ಹೆಚ್ಚುವಾಗ ಉಳಿದ ಸಿಪ್ಪೆ, ದಂಟು; ಬೇಯಿಸಿಯೂ ಬಡಿಸದೆ ಉಳಿದದ್ದು; ತಟ್ಟೆಯಿಂದ ಡ್ರಮ್ಮಿಗೆ ಬಿದ್ದ ಎಂಜಲು. ಈ ಮೂರನ್ನು ಒಟ್ಟಿಗೆ ಸುರಿದು ತೂಗಿದರೆ ಏನೂ ತಿಳಿಯುವುದಿಲ್ಲ, ಬೇರ್ಪಡಿಸಿದಾಗ ಮಾತ್ರ ಕಾರಣ ಕಾಣುತ್ತದೆ. ಮೊದಲ ಭಾನುವಾರ ರಾತ್ರಿ ಬಡಿಸದೆ ಉಳಿದ ಅನ್ನ 31 ಕಿಲೋ, ತಟ್ಟೆಯ ಎಂಜಲು 6 ಕಿಲೋ. ಎರಡು ವಾರಗಳ ಲೆಕ್ಕ ಕೂಡಿಸಿದಾಗಲೂ ಹಾಳಾದ ಅಡುಗೆಯ ಅರ್ಧಕ್ಕಿಂತ ಹೆಚ್ಚು ಪಾಲು ಯಾರ ತಟ್ಟೆಯನ್ನೂ ತಲುಪಿರಲೇ ಇಲ್ಲ. ಊಟದ ಹಾಲಿನ ಗೋಡೆಯ ಮೇಲೆ ‘ಅನ್ನ ದೇವರು, ಚೆಲ್ಲಬೇಡಿ’ ಎಂದು ಬರೆಸಿ ಹಾಕಿದ್ದವಳು ನಾನೇ. ಆ ಬರಹ ತಪ್ಪಲ್ಲ, ಆದರೆ ಅದನ್ನು ಓದಬೇಕಾದವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳಲ್ಲ, ಮೆಸ್ಸಿನ ನಿಯಮಗಳನ್ನು ಬರೆದ ನಾವು.

ನಿಯಮ ಹೀಗಿತ್ತು. ನಮ್ಮದು ಡಿವೈಡಿಂಗ್ ಪದ್ಧತಿಯ ಮೆಸ್, ಅಂದರೆ ತಿಂಗಳ ಒಟ್ಟು ಖರ್ಚನ್ನು ಎಲ್ಲರ ಮೇಲೆ ಹಂಚಿ ಬಿಲ್ ಮಾಡುವುದು. ಊರಿಗೆ ಹೋಗುವವರಿಗೆ ಮೆಸ್ ಕಟ್, ಅಂದರೆ ಊಟ ಮಾಡದ ದಿನಗಳಿಗೆ ಬಿಲ್ಲಿನಲ್ಲಿ ಕಡಿತ, ಸಿಗಬೇಕಾದರೆ ಸತತ ಐದು ದಿನವಾದರೂ ಇರಬಾರದು, ಅದನ್ನು ಮೊದಲೇ ಬರೆದು ಕೊಡಬೇಕು. ಆದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಈ ಜಿಲ್ಲೆಯವರೇ. ಶನಿವಾರ ಮಧ್ಯಾಹ್ನದ ತರಗತಿ ಮುಗಿಯುತ್ತಲೇ ಬ್ಯಾಗು ಹೆಗಲಿಗೇರಿಸಿ ಅರಸೀಕೆರೆ, ಚನ್ನರಾಯಪಟ್ಟಣ, ಅರಕಲಗೂಡು, ಸಕಲೇಶಪುರದ ಬಸ್ಸು ಹತ್ತುತ್ತಾರೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮರಳುತ್ತಾರೆ. ಒಂದೂವರೆ ದಿನದ ಗೈರುಹಾಜರಿಗೆ ಕಟ್ ಸಿಗುವುದಿಲ್ಲವಾದ್ದರಿಂದ ಯಾರೂ ಹೇಳಿಹೋಗುವುದಿಲ್ಲ. ಅಡುಗೆಯವರ ಮುಂದೆ ಇರುವುದು 240 ಹೆಸರುಗಳ ಪಟ್ಟಿ, ಊಟಕ್ಕೆ ಬರುವವರು ಅದರ ಅರ್ಧವೂ ಇಲ್ಲ. ‘ಕಮ್ಮಿ ಬಿದ್ರೆ ನನ್ನ ತಲೆ ಮೇಲೆ ಬರುತ್ತೆ ಮೇಡಂ, ಮಿಕ್ಕಿದ್ರೆ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ’ ಎಂದು ಅವರು ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅನ್ನ ಸಾಲದೆ ಹೋದ ದಿನ ಅಡುಗೆಯವರಿಗೆ ನೋಟಿಸು ಕೊಡುವ, ಉಳಿದ ದಿನ ಸುಮ್ಮನಿರುವ ವ್ಯವಸ್ಥೆಯಲ್ಲಿ ಯಾವ ಬುದ್ಧಿವಂತ ಅಡುಗೆಯವನಾದರೂ ಎರಡು ಮೂಟೆ ಹೆಚ್ಚಿಗೆ ಬಿಚ್ಚುತ್ತಾನೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಈ ಕಗ್ಗಂಟಿಗೆ ದಾರಿ ತೋರಿಸಿದ್ದು ರಾಗಿ ಮುದ್ದೆ. ತೂಕದ ಪುಸ್ತಕವನ್ನು ತಿರುವಿಹಾಕುತ್ತಿದ್ದ ಎರಡನೇ ವರ್ಷದ ಹುಡುಗಿಯೊಬ್ಬಳು, ಮುದ್ದೆ ಉಳಿದ ದಿನಗಳೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಗುರುತಿಸಿದಳು. ಯಾಕೆಂದು ನೋಡಲು ಮರುದಿನ ಸಂಜೆ ಅಡುಗೆಮನೆಯಲ್ಲಿಯೇ ನಿಂತೆ. ಕೊತಕೊತ ಕುದಿಯುವ ಎಸರಿಗೆ ಮೊದಲು ಒಂದಿಷ್ಟು ನುಚ್ಚು ಬಿಟ್ಟು, ಅದು ಬೆಂದ ಮೇಲೆ ಹಿಟ್ಟನ್ನು ನಡುವಿನಲ್ಲಿ ಗುಡ್ಡೆಯಾಗಿ ಸುರಿದರು. ಹಿಟ್ಟು ಒಳಗಿನಿಂದ ಬೇಯಲೆಂದು ಕೋಲಿನಿಂದ ನಡುವೆ ತೂತು ಮಾಡಿ ಬಿಟ್ಟರು. ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲನ್ನು ಕಾಲಲ್ಲಿ ಅದುಮಿ ಹಿಡಿದು, ಗಂಟು ಉಳಿಯದಂತೆ ಹಿಟ್ಟಿನ ಕೋಲಿನಿಂದ ತಿರುವಿದರು. ಇಬ್ಬರು ಹೆಂಗಸರು ನೀರಿನಲ್ಲಿ ಅದ್ದಿದ ಕೈಯಿಂದ ಮುದ್ದೆ ಕಟ್ಟಿ ಸಾಲಾಗಿ ಇಡುತ್ತ ಎಣಿಸುತ್ತಿದ್ದರು. ಎಸರು ಇಡುವುದಕ್ಕೂ ಮೊದಲೇ ಒಬ್ಬರು ಊಟದ ಹಾಲಿಗೆ ಹೋಗಿ, ‘ಇವತ್ತು ಎಷ್ಟು ಮುದ್ದೆ?’ ಎಂದು ಕೇಳಿ ಬಂದಿದ್ದರು. ಮುದ್ದೆಗೆ ತಲೆ ಎಣಿಕೆ ಉಂಟು, ಅನ್ನಕ್ಕೆ ಇರುವುದು ಪಾತ್ರೆಯ ಅಳತೆ ಮಾತ್ರ. ಮುದ್ದೆಯನ್ನು ಆರಿಸಿಟ್ಟು ಮತ್ತೆ ಬಡಿಸಲಾಗದು ಎಂಬುದು ಗೊತ್ತಿರುವುದರಿಂದ ಎಣಿಸಿಯೇ ಮಾಡುತ್ತಾರೆ. ಅನ್ನವನ್ನು ಹೇಗಾದರೂ ಸಾಗಹಾಕಬಹುದೆಂಬ ನಂಬಿಕೆಯಿಂದ ಎಣಿಸದೆ ಮಾಡುತ್ತಾರೆ.

ನಾವು ಮಾಡಿದ್ದು ಇಷ್ಟೇ: ಅನ್ನವನ್ನೂ ಮುದ್ದೆಯಂತೆ ಎಣಿಸುವುದು. ಐದು ದಿನದ ನಿಯಮವನ್ನು ತೆಗೆದು, ಒಂದೊಂದು ಊಟಕ್ಕೂ ಕಟ್ ಕೊಡುವುದಾಗಿ ಹೇಳಿದೆವು. ರಾತ್ರಿಯ ಊಟ ಬೇಡದವರು ಸಂಜೆ ನಾಲ್ಕರೊಳಗೆ ಬಾಗಿಲ ಬಳಿಯ ಪುಸ್ತಕದಲ್ಲಿ ತಮ್ಮ ಸಂಖ್ಯೆಯ ಮುಂದೆ ಗೀಟು ಎಳೆಯಬೇಕು. ಮೊಬೈಲಿನಲ್ಲಿಯೇ ಮಾಡಬಹುದಲ್ಲವೇ ಎಂದು ಕೆಲವರು ಕೇಳಿದರು; ಆದರೆ ಅಡುಗೆಯವರ ಕಣ್ಣೆದುರಿಗೇ ಇರುವ ಪುಸ್ತಕವನ್ನು ಅವರು ನಂಬುತ್ತಾರೆ, ನನ್ನ ಫೋನಿನಲ್ಲಿರುವ ಪಟ್ಟಿಯನ್ನು ನಂಬುವುದಿಲ್ಲ, ಹಾಗಾಗಿ ಪುಸ್ತಕವೇ ಉಳಿಯಿತು. ಎರಡನೆಯದಾಗಿ, ಅನ್ನವನ್ನು ಏಳು ಗಂಟೆಗೇ ಪೂರ್ತಿ ಬೇಯಿಸಿಡುವ ಬದಲು ಮೂರು ಸರದಿಯಲ್ಲಿ ಇಡತೊಡಗಿದೆವು. ಮೂರನೇ ಸರದಿಯ ಅಕ್ಕಿಯನ್ನು ತೊಳೆದು ನೆನೆಸಿಟ್ಟುಕೊಂಡು, ಎಂಟು ಗಂಟೆಗೆ ಸಾಲು ಎಷ್ಟಿದೆಯೆಂದು ನೋಡಿದ ಮೇಲೆಯೇ ಒಲೆಗೆ ಏರಿಸುವುದು. ಕೊನೆಯಲ್ಲಿ ಬಂದವರು ಹತ್ತು ನಿಮಿಷ ಕಾಯಬೇಕಾಗಬಹುದು, ಅದಕ್ಕೆ ಅಡುಗೆಯವರನ್ನು ದೂರಬಾರದು ಎಂದು ನನ್ನ ಸಹಿಯಿರುವ ಸೂಚನೆಯನ್ನು ಹಾಕಿದೆ. ಅವರ ತಲೆಯ ಮೇಲಿನ ಭಾರ ಇಳಿದದ್ದು ಆ ಸೂಚನೆಯಿಂದಲೇ ಎಂದು ನಾನು ನಂಬಿದ್ದೇನೆ. ಮೂರನೇ ತಿಂಗಳ ಒಂದು ಭಾನುವಾರ ರಾತ್ರಿ ತೂಗಿದಾಗ ಉಳಿದ ಅನ್ನ 7 ಕಿಲೋ ಇತ್ತು.

31 ಕಿಲೋ ಅನ್ನವೆಂದರೆ ಸುಮಾರು 12 ಕಿಲೋ ಅಕ್ಕಿ. ಒಂದು ಕಿಲೋ ಅಕ್ಕಿಯ ಹಿಂದೆ ಜಗತ್ತಿನ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಇದೆಯೆಂಬ ಲೆಕ್ಕವನ್ನು ಹಿಡಿದರೆ, ಆ ಒಂದು ರಾತ್ರಿ ನಾವು ಚೆಲ್ಲಿದ್ದು ಐದು ಸಾವಿರ ಲೀಟರಿನ ಆರು ಟ್ಯಾಂಕರ್ ನೀರಿಗೆ ಸಮ. ಹೇಮಾವತಿಯ ನಾಲೆಯಲ್ಲಿ ನೀರು ಯಾವಾಗ ಬಿಡುತ್ತಾರೆಂದು ಕಾದು ಕುಳಿತ ಮನೆಗಳಿಂದ ಬಂದ ಮಕ್ಕಳಿಗೆ ಈ ಹೋಲಿಕೆಯನ್ನು ವಿವರಿಸಿ ಹೇಳಬೇಕಾಗಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಗಿದೆ. ಅದರಲ್ಲಿ ಶೇಕಡ 60ರಷ್ಟು ಮನೆಗಳಲ್ಲಿ, ಶೇಕಡ 28ರಷ್ಟು ಹೋಟೆಲು, ಕ್ಯಾಂಟೀನು, ಮೆಸ್ಸುಗಳಂಥ ಕಡೆ. ತಿಪ್ಪೆಯಲ್ಲಿ ಗಾಳಿಯಾಡದೆ ಕೊಳೆಯುವ ಅನ್ನ ಮೀಥೇನ್ ಬಿಡುತ್ತದೆ, ಮತ್ತು ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುವ ಅನಿಲ.

ಇಲ್ಲಿ ಗೋಬರ್ ಗ್ಯಾಸಿನ ಮಾತು ಬರಲೇಬೇಕು, ಯಾಕೆಂದರೆ ಕ್ಯಾಂಪಸ್ಸಿನ ಊಟವನ್ನು ಪರಿಸರಕ್ಕೆ ಒಗ್ಗಿಸುವ ಚರ್ಚೆ ನಮ್ಮ ಸಭೆಗಳಲ್ಲಿ ಯಾವಾಗಲೂ ಅಲ್ಲಿಂದಲೇ ಆರಂಭವಾಗುತ್ತದೆ. ಜೈವಿಕ ಅನಿಲ ಘಟಕ ಒಳ್ಳೆಯದೇ. ಪುಣೆಯ ಆರತಿ (ARTI) ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆ ಅಡುಗೆಮನೆಯ ತ್ಯಾಜ್ಯದಿಂದಲೇ ನಡೆಯುವ ಚಿಕ್ಕ ಘಟಕವನ್ನು ರೂಪಿಸಿ, ಅದಕ್ಕಾಗಿ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆದಿದೆ. ಆದರೆ ಲೆಕ್ಕ ಹಾಕಿ ನೋಡೋಣ: ಒಂದು ಕಿಲೋ ಮಿಶ್ರ ಅಡುಗೆ ತ್ಯಾಜ್ಯದಿಂದ ಅಂದಾಜು 0.1 ಘನ ಮೀಟರ್ ಅನಿಲ ಬರುತ್ತದೆ, ಒಂದು ಘನ ಮೀಟರ್ ಅನಿಲ ಅರ್ಧ ಕಿಲೋಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ಅಂದರೆ ಮೂವತ್ತು ಕಿಲೋ ಊಟವನ್ನು ಘಟಕಕ್ಕೆ ಸುರಿದರೆ ನಮಗೆ ಮರಳಿ ಸಿಗುವುದು ಒಂದೂಕಾಲು ಕಿಲೋದಷ್ಟು ಗ್ಯಾಸು. ಆ ಊಟವನ್ನು ಬೇಯಿಸುವುದಕ್ಕೆ ಖರ್ಚಾದ ಗ್ಯಾಸು, ಅಕ್ಕಿ, ಬೇಳೆ, ಎಣ್ಣೆ, ಜನರ ದುಡಿಮೆ ಇವೆಲ್ಲ ಬೇರೆ. ಜೊತೆಗೆ ಘಟಕಕ್ಕೂ ಜೀವವಿದೆ. ಒಂದೇ ದಿನ ಅತಿಯಾಗಿ ಸುರಿದರೆ ಒಳಗೆ ಹುಳಿಯಾಗಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ, ನಿಂಬೆ ಸಿಪ್ಪೆ ಹೆಚ್ಚಾದರೂ ಹಾಗೆಯೇ, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಏನೂ ಹಾಕದಿದ್ದರೆ ಹಸಿವಿನಿಂದ ನಿಂತುಹೋಗುತ್ತದೆ. ಉದ್ಘಾಟನೆಯ ಕಲ್ಲು ಮಾತ್ರ ಉಳಿದು, ಗುಮ್ಮಟದ ಮೇಲೆ ಹುಲ್ಲು ಬೆಳೆದ ಘಟಕವೊಂದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲು ಉಳಿಯುವುದನ್ನು ತಗ್ಗಿಸಿ, ತಗ್ಗಿಸಲಾಗದ ಸಿಪ್ಪೆ, ಎಂಜಲಿನ ಪ್ರಮಾಣ ಸ್ಥಿರವಾದ ಮೇಲೆ ಅದಕ್ಕೆ ತಕ್ಕ ಅಳತೆಯ ಘಟಕ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಸಿಪ್ಪೆಯೆಲ್ಲ ಎರೆಗೊಬ್ಬರದ ತೊಟ್ಟಿಗೆ ಹೋಗುತ್ತಿದೆ, ನುಗ್ಗೆ, ಕರಿಬೇವಿನ ಗಿಡಗಳಿಗೆ ಆ ಗೊಬ್ಬರ ಸಾಕಷ್ಟಾಗುತ್ತಿದೆ.

ತಟ್ಟೆಯ ವಿಷಯಕ್ಕೆ ಬಂದರೆ, ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು 2008ರ ಆಸುಪಾಸಿನಲ್ಲಿ ಊಟದ ಹಾಲಿನಿಂದ ಟ್ರೇಗಳನ್ನೇ ತೆಗೆದುಹಾಕಿದವು. ಟ್ರೇ ಇಲ್ಲದಾಗ ಜನ ಒಮ್ಮೆಗೇ ಹಲವು ಪದಾರ್ಥಗಳನ್ನು ಹೊತ್ತು ತರುವುದಿಲ್ಲ, ಎಂಜಲೂ ಗಣನೀಯವಾಗಿ ಕಡಿಮೆಯಾಗುತ್ತದೆ ಎಂದು ಕಂಡುಕೊಂಡವು. ನಮ್ಮಲ್ಲಿರುವುದು ಗುಳಿಗಳಿರುವ ಸ್ಟೀಲ್ ತಟ್ಟೆ. ಅದರ ದೊಡ್ಡ ಗುಳಿ ಅನ್ನಕ್ಕೆಂದೇ ಇದ್ದು, ಬಡಿಸುವವರ ಕೈ ಆ ಗುಳಿ ತುಂಬುವ ತನಕ ನಿಲ್ಲುವುದಿಲ್ಲ. ಮೊದಲ ಸಲಕ್ಕೆ ಚಿಕ್ಕ ಸೌಟಿನಲ್ಲಿ ಒಂದೇ ಸೌಟು, ಆಮೇಲೆ ಎಷ್ಟು ಸಲ ಬಂದರೂ ಇಲ್ಲವೆನ್ನಬಾರದು ಎಂದು ಸೌಟನ್ನೇ ಬದಲಾಯಿಸಿದೆವು. ಹಸಿದ ಮಕ್ಕಳ ತಟ್ಟೆಯಿಂದ ಕಸಿಯುವ ಯಾವ ಸುಧಾರಣೆಯನ್ನೂ ನಾನು ಒಪ್ಪುವುದಿಲ್ಲ. ತಟ್ಟೆಯ ಎಂಜಲಿಗೆ ದಂಡ ಹಾಕಬೇಕೆಂಬ ಸಲಹೆ ಬಂದಾಗ ಆ ಕಾರಣಕ್ಕೇ ಬೇಡವೆಂದೆ.

ಏನು ಬೇಯಿಸುತ್ತೇವೆ ಎಂಬುದೂ ಎಷ್ಟು ಬೇಯಿಸುತ್ತೇವೆ ಎಂಬುದರಷ್ಟೇ ಮುಖ್ಯ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಎಷ್ಟೋ ಕಡೆ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸುಗಳ ಪ್ರದರ್ಶನಗಳು ನಡೆದವು. ಅರಸೀಕೆರೆ, ಚನ್ನರಾಯಪಟ್ಟಣದ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ರಾಗಿಗೆ ಅಂಥ ವೇಷ ಬೇಕಿಲ್ಲ, ಅದಕ್ಕೆ ಬೇಕಾದದ್ದು ನಮ್ಮ ಉಗ್ರಾಣದಲ್ಲಿ ಖಾಯಂ ಜಾಗ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದೆ. ಅದೇ ಬೆಲೆಗೆ ಮೆಸ್ಸು ವಿದ್ಯಾರ್ಥಿಗಳ ಮನೆಗಳಿಂದಲೇ ರಾಗಿ ಕೊಂಡು ಇಲ್ಲಿಯೇ ಮಿಲ್ಲಿನಲ್ಲಿ ಹಿಟ್ಟು ಮಾಡಿಸಿದರೆ ಸಾಗಣೆಯೂ ಉಳಿಯುತ್ತದೆ, ಹಿಟ್ಟೂ ತಾಜಾ ಆಗಿರುತ್ತದೆ ಎಂದು ಕಮಿಟಿಯ ಮುಂದೆ ಇಟ್ಟಿದ್ದೇನೆ. ಈಗ ವಾರಕ್ಕೆ ಮೂರು ರಾತ್ರಿ ಇದ್ದ ಮುದ್ದೆ ಐದು ರಾತ್ರಿಯಾಗಿದೆ. ಬೇಡದವರಿಗೆ ಚಪಾತಿಯೂ ಇರುತ್ತದೆ, ಅದನ್ನೂ ಎಣಿಸಿಯೇ ಲಟ್ಟಿಸುತ್ತಾರೆ.

ಮುದ್ದೆಯ ಜೊತೆಗಿನ ನಮ್ಮ ಸಾರುಗಳನ್ನು ನೆನೆದರೆ ಈ ಸೀಮೆಯ ಹೆಂಗಸರ ಜಾಣ್ಮೆಗೆ ಕೈಮುಗಿಯಬೇಕೆನಿಸುತ್ತದೆ. ಬಸ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟೇ ಸಾರಾಗುವುದು, ಉಳಿದದ್ದು ಪಲ್ಯವಾಗುವುದು. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ, ಚೆಲ್ಲುವುದು ಏನೂ ಇಲ್ಲ. ಹುರಳಿ ಬರಡು ನೆಲದಲ್ಲೂ ಹೆಚ್ಚಿನ ನೀರಿಲ್ಲದೆ ಬೆಳೆದು ಮಣ್ಣಿಗೆ ಸಾರಜನಕ ಕೊಡುವ ಕಾಳು. ರಾತ್ರಿಯೇ ನೆನೆಸಿಟ್ಟರೆ ಬೇಯುವ ಹೊತ್ತೂ ಕಡಿಮೆ, ಗ್ಯಾಸೂ ಕಡಿಮೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆಯ ಸಾರು ಮಾಡಿದ ರಾತ್ರಿ ತಟ್ಟೆಗಳನ್ನು ತೊಳೆಯುವ ಮೊದಲೇ ತೊಳೆದಂತೆ ಇದ್ದವು. ಅವರೆ ಹಿತಕುವ ಕೆಲಸಕ್ಕೆ ಭಾನುವಾರ ಊರಿಗೆ ಹೋಗದ ಮಕ್ಕಳು ತಾವಾಗಿಯೇ ಬಂದು ಕೂತಿದ್ದರು. ಆದರೆ ಆಲೂಗಡ್ಡೆಯ ವಿಷಯದಲ್ಲಿ ಬೇಸರವಿದೆ. ಹಾಸನವೆಂದರೆ ಆಲೂಗಡ್ಡೆ ಎನ್ನುತ್ತಿದ್ದ ಕಾಲವಿತ್ತು. ಬಿತ್ತನೆ ಗಡ್ಡೆಯನ್ನು ಜಲಂಧರದಿಂದ ತರಿಸಿ ಮುಂಗಾರಿಗೆ ಬಿತ್ತುವ ರೈತರನ್ನು ಅಂಗಮಾರಿ ರೋಗ ಮತ್ತೆಮತ್ತೆ ಕೈಸುಟ್ಟುಕೊಳ್ಳುವಂತೆ ಮಾಡಿ, ಬಹಳ ಮಂದಿ ಮುಸುಕಿನ ಜೋಳಕ್ಕೆ ತಿರುಗಿದರು. ಇಲ್ಲಿಯ ಗಡ್ಡೆ ಸಿಗುವ ತಿಂಗಳುಗಳಲ್ಲಾದರೂ ಅದನ್ನೇ ಕೊಳ್ಳಬೇಕೆಂದು ತರಕಾರಿ ಪೂರೈಸುವವರಿಗೆ ಬರೆದುಕೊಟ್ಟಿದ್ದೇನೆ.

ಸೆಮಿನಾರು, ಕಾಲೇಜು ದಿನಾಚರಣೆಗಳ ಊಟ ಬೇರೆಯೇ ಸಮಸ್ಯೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದ್ದರೂ, ಅವುಗಳ ಜಾಗಕ್ಕೆ ಬಂದ ಕಾಗದದ ಕಾಫಿ ಲೋಟದ ಒಳಗೂ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ, ಅದು ಗೊಬ್ಬರವಾಗುವುದಿಲ್ಲ. ಕಾಫಿ ಬೆಳೆಯುವ ಸೀಮೆಯಲ್ಲಿ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕುಡಿಯಲು ಯಾರನ್ನೂ ಒಪ್ಪಿಸಬೇಕಾಗಿಲ್ಲ. ಮುನ್ನೂರು ಲೋಟ ಕೊಂಡು, ತೊಳೆಯುವವರಿಗೆ ಆ ದಿನದ ಹೆಚ್ಚಿನ ಕೂಲಿ ಕೊಟ್ಟರೆ ಮುಗಿಯಿತು. ಊಟಕ್ಕೆ ಬಾಳೆಯೆಲೆ, ಇಲ್ಲವೇ ಮುತ್ತುಗದ ಎಲೆ.

ಇಷ್ಟಾದರೂ ಉಳಿಯುವ ಅನ್ನವನ್ನು ಯಾರಿಗಾದರೂ ಕೊಡಬಾರದೇ ಎಂದು ಹಲವರು ಕೇಳುತ್ತಾರೆ. ಕೊಡಬಹುದು, ಮಿಕ್ಕ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಗಳೇ ಇವೆ. ಆದರೆ ಉಗುರುಬೆಚ್ಚಗೆ ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಕೊಡುವುದಾದರೆ ಎಂಟೂವರೆಗೇ, ಬಿಸಿಯಿರುವಾಗಲೇ, ಮುಚ್ಚಳವಿರುವ ಸ್ವಚ್ಛ ಪಾತ್ರೆಯಲ್ಲಿ ಕೊಡಬೇಕು. ನಾವು ತಿನ್ನಲು ಹಿಂಜರಿಯುವುದನ್ನು ಬಡವರಿಗೆ ದಾನವೆಂದು ದಾಟಿಸುವುದು ನನಗೆ ಒಪ್ಪಿಗೆಯಿಲ್ಲ.

ಸದ್ಯಕ್ಕೆ ನಮ್ಮ ಕೈಗೆ ಸಿಗದೆ ಉಳಿದಿರುವುದು ಬೆಳಗಿನ ತಿಂಡಿ. ತೂಕದ ಪುಸ್ತಕದಲ್ಲಿ ರಾತ್ರಿಯ ಅಂಕಣ ಇಳಿದಿದೆ, ಬೆಳಗಿನದು ಅಲ್ಲಾಡಿಲ್ಲ. ಈ ಸಲ ಅಡುಗೆಮನೆಯಲ್ಲಿ ನಿಲ್ಲದೆ ತಟ್ಟೆ ತೊಳೆಯುವ ಜಾಗದಲ್ಲಿ ಒಂದು ವಾರ ನಿಂತು ನೋಡಿದೆ. ಎಂಟು ಇಪ್ಪತ್ತರವರೆಗೆ ಬರುವ ತಟ್ಟೆಗಳು ಖಾಲಿಯಿರುತ್ತವೆ. ಎಂಟೂವರೆಯ ಗಂಟೆ ಬಾರಿಸಿದೊಡನೆ ಅರ್ಧ ತಿಂದ ಉಪ್ಪಿಟ್ಟು, ಒಂದೇ ತುತ್ತು ಮುರಿದ ಇಡ್ಲಿ ಡ್ರಮ್ಮಿಗೆ ಬೀಳತೊಡಗುತ್ತವೆ. ತಿಂಡಿ ಕೊಡಲು ಆರಂಭಿಸುವುದು ಎಂಟಕ್ಕೆ, ಮೊದಲ ತರಗತಿ ಎಂಟು ಮುಕ್ಕಾಲಿಗೆ, ವಿದ್ಯಾರ್ಥಿನಿಲಯದಿಂದ ತರಗತಿಯ ಕಟ್ಟಡಕ್ಕೆ ಹದಿನೈದು ನಿಮಿಷದ ನಡಿಗೆ. ಉಪ್ಪಿಟ್ಟಿನ ರುಚಿಯನ್ನು ದೂರುತ್ತಿದ್ದವರೆಲ್ಲ ನಿಜವಾಗಿ ಹೊತ್ತಿಲ್ಲದೆ ಎದ್ದುಹೋದವರು. ಅಡುಗೆಯವರು ಏಳೂವರೆಗೇ ತಿಂಡಿ ಸಿದ್ಧ ಮಾಡಲು ಒಪ್ಪಿದ್ದಾರೆ, ಆದರೆ ಅದಕ್ಕೆ ಬೆಳಗಿನ ಪಾಳಿಯ ಹೆಂಗಸರು ಊರಿನಿಂದ ಬರುವ ಮೊದಲ ಬಸ್ಸು ಹೊಂದುವುದಿಲ್ಲ. ಹಾಗಾಗಿ ಮೊದಲ ತರಗತಿಯನ್ನು ಒಂಬತ್ತಕ್ಕೆ ಮುಂದೂಡಬೇಕೆಂದು ಕೋರಿ, ಏಳು ದಿನದ ತೂಕದ ಪಟ್ಟಿಯನ್ನು ಜೊತೆಗಿಟ್ಟು, ಕಳೆದ ವಾರ ಅರ್ಜಿ ಕೊಟ್ಟಿದ್ದೇನೆ. ವೇಳಾಪಟ್ಟಿ ಬದಲಾದ ದಿನದಿಂದ ತಕ್ಕಡಿಯನ್ನು ಮತ್ತೆ ಎರಡು ವಾರ ತಟ್ಟೆ ತೊಳೆಯುವ ಜಾಗದಲ್ಲಿಯೇ ಇಡುತ್ತೇವೆ.